ಬತ್ತಿದ ಬೋರು ಗುಂಯ್‌ಗುಡುವುದೇಕೆ?

ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಪಕ್ಕದವರೊಡನೆ ಮಾತಿಗೆ ನಿಂತ ಹೆಂಗಸರನ್ನು ಗಮನಿಸಿ. ಬಿಂದಿಗೆಯತ್ತ ಅವರು ತಿರುಗಿಯೂ ನೋಡುವುದಿಲ್ಲ. ಆದರೂ ನೀರು ಕಂಠಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕೈ ನಲ್ಲಿಯ ಮೇಲಿರುತ್ತದೆ! ಸುದ್ದಿ ಕೊಟ್ಟದ್ದು ಕಣ್ಣಲ್ಲ, ಕಿವಿ. ಖಾಲಿ ಬಿಂದಿಗೆಯಲ್ಲಿ ನೀರು ಬೀಳುವ ಸದ್ದು ದಪ್ಪ. ತುಂಬುತ್ತ ಬಂದಂತೆ ಅದು ಸಣ್ಣಗಾಗುತ್ತ ಹೋಗಿ ಕೊನೆಗೆ ಕೀಚಲಾಗುತ್ತದೆ. ಭೌತವಿಜ್ಞಾನದ ಒಂದು ದೊಡ್ಡ ಪಾಠವನ್ನು ನಮ್ಮ ಮನೆಯವರು ಪುಸ್ತಕ ತೆರೆಯದೆಯೇ ಕಲಿತಿದ್ದಾರೆ ಎನ್ನಿ.

ಆ ಪಾಠದ ಹೆಸರು ಅನುರಣನೆ. ಜೋಕಾಲಿಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಹುಡುಗಿಯೂ ದೊಡ್ಡವರನ್ನು ಮುಗಿಲಿಗೆ ತೂಗಬಲ್ಲಳು. ಲಯ ತಪ್ಪಿ ತಳ್ಳಿದರೆ ಪೈಲ್ವಾನನ ಬಲವೂ ವ್ಯರ್ಥ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಆವೃತ್ತಿ ಇರುತ್ತದೆ. ಹೊರಗಿನ ಕಂಪನ ಅದಕ್ಕೆ ಹೊಂದಿದಾಗ ಅಲ್ಪ ಶಕ್ತಿಯೂ ಕೂಡುತ್ತ ಕೂಡುತ್ತ ದೊಡ್ಡದಾಗುತ್ತದೆ. ಬಿಂದಿಗೆಯೊಳಗಿನ ಗಾಳಿಗೂ ಇದೇ ನಿಯಮ. ಗಾಳಿಯ ಜಾಗ ದೊಡ್ಡದಿದ್ದರೆ ಸ್ವರ ತಗ್ಗು, ಚಿಕ್ಕದಾದರೆ ಸ್ವರ ಎತ್ತರ.

ಪ್ರೌಢಶಾಲೆಯಲ್ಲಿ, ಪಿಯುಸಿಯಲ್ಲಿ ಓದಿದವರಿಗೆ ಗಾಜಿನ ಕೊಳವೆಯ ಪ್ರಯೋಗ ನೆನಪಿರಬಹುದು. ನೀರಿರುವ ಕೊಳವೆಯ ಬಾಯಿಗೆ 512 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 512 ಬಾರಿ ಕಂಪಿಸುವ ಶ್ರುತಿಕವೆ ಹಿಡಿದು ನೀರನ್ನು ನಿಧಾನವಾಗಿ ಇಳಿಸುತ್ತೇವೆ. ಗಾಳಿಯ ಕಂಬ ಹದಿನಾರು ಹದಿನೇಳು ಸೆಂಟಿಮೀಟರ್ ಆದಾಗ ಕ್ಷೀಣವಾಗಿದ್ದ ಸದ್ದು ಥಟ್ಟನೆ ಮೊಳಗುತ್ತದೆ. ಒಂದು ಕಡೆ ಮುಚ್ಚಿದ ಕೊಳವೆಯ ಉದ್ದ ಶಬ್ದದ ಅಲೆಯ ಉದ್ದದ ಕಾಲು ಭಾಗದಷ್ಟಾದಾಗ ಹೀಗಾಗುತ್ತದೆ.

ಈಗ ಈ ಗಾಜಿನ ಕೊಳವೆಯನ್ನು ಮನಸ್ಸಿನಲ್ಲೇ ದೊಡ್ಡದು ಮಾಡಿ. ಆರೂವರೆ ಇಂಚು ಅಗಲ, ನೂರಾರು ಅಡಿ ಆಳ, ತಳದಲ್ಲಿ ನೀರು ಇಲ್ಲವೇ ಬರೀ ಬಂಡೆ. ಗುರುತು ಸಿಕ್ಕಿತೇ? ನಮ್ಮ ಹೊಲದ ಬೋರ್‌ವೆಲ್!

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ತಲಪರಿಗೆ ತೋಡಿ, ಕಪಿಲೆ ಹೂಡಿ ನೀರೆತ್ತಿದ ಕಾಲವೊಂದಿತ್ತು. ಆಮೇಲೆ ಬಂದದ್ದು ಕೊಳವೆಬಾವಿ. ಒಂದು ಬತ್ತಿದರೆ ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ಆಳಕ್ಕೆ ಮತ್ತೊಂದು. ಬತ್ತಿದ ಬೋರಿನ ಬಾಯಿಯ ಮೇಲೆ ಗಾಳಿ ಬೀಸಿದಾಗ ಒಳಗಿನಿಂದ ಗುಂಯ್ ಎಂಬ ಸದ್ದು ಕೇಳಿ ಬೆಚ್ಚಿದವರು ಹಳ್ಳಿಗಳಲ್ಲಿ ಇದ್ದಾರೆ. ‘ಆ ಬೋರಿನಲ್ಲಿ ಗಾಳಿ ಸೇರಿಕೊಂಡಿದೆ’ ಎಂದು ಪಿಸುಗುಡುವವರೂ ಇದ್ದಾರೆ. ಮಾತೇನೋ ನಿಜ. ಅಲ್ಲಿ ಸೇರಿಕೊಂಡಿರುವುದು ಗಾಳಿಯೇ, ನಾವು ಉಸಿರಾಡುವ ಗಾಳಿ!

ಒಂದು ಸಣ್ಣ ಲೆಕ್ಕ ಮಾಡೋಣ. ನೀರು 100 ಮೀಟರ್ ಕೆಳಗಿದೆ ಎಂದುಕೊಳ್ಳಿ. ಗಾಳಿಕಂಬದ ನಾಲ್ಕರಷ್ಟು 400 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಭಾಗಿಸಿದರೆ ಸಿಗುವುದು 0.86 ಹರ್ಟ್ಸ್. ಸೆಕೆಂಡಿಗೆ ಒಂದು ಪೂರ್ಣ ಕಂಪನವೂ ಇಲ್ಲ. ಮನುಷ್ಯನ ಕಿವಿಗೆ ಸಾಮಾನ್ಯವಾಗಿ 20 ಹರ್ಟ್ಸ್‌ಗಿಂತ ಕೆಳಗಿನದು ಸ್ವರವಾಗಿ ಕೇಳಿಸುವುದಿಲ್ಲ. ಅಂಥ ಕಂಪನವೇ ಅವಶ್ರವ್ಯ ಶಬ್ದ, ಅಂದರೆ ಇನ್‌ಫ್ರಾಸೌಂಡ್. ನೀರು ಹದಿನಾಲ್ಕು ಅಡಿಗಿಂತ ಕೆಳಗಿರುವ ಯಾವ ಬೋರಿನದೇ ಆಗಲಿ, ಮೂಲಸ್ವರ ಈ ಕೇಳದ ಸದ್ದಿನ ಸೀಮೆಗೇ ಸೇರಿದ್ದು. ನಮಗೆ ಕೇಳಿಸುವ ಗುಂಯ್‌ಕಾರ ಆ ಮೂಲಸ್ವರದ ಮೇಲೆ ಏಳುವ ಉಪಸ್ವರಗಳದ್ದು.

ಗಾಳಿ ಬೀಸದ ದಿನವೂ ಬೋರು ಉಸುರುವುದುಂಟು. ವಾತಾವರಣದ ಒತ್ತಡ ದಿನಕ್ಕೆರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಹೊರಗಿನ ಒತ್ತಡ ಇಳಿದಾಗ ಬಂಡೆಯ ಬಿರುಕುಗಳಲ್ಲಿರುವ ಗಾಳಿ ಮೇಲೆ ಬರುತ್ತದೆ, ಏರಿದಾಗ ಒಳಗೆ ಹೋಗುತ್ತದೆ. ಮುಚ್ಚಳದ ಸಂದಿಯಲ್ಲಿ ಆಗ ಸಿಳ್ಳೆ ಕೇಳಿಸಬಹುದು.

ಕೇಳದ ಸದ್ದಿಗೂ ದೆವ್ವಕ್ಕೂ ನಂಟು ಹಚ್ಚಿದ ಪ್ರಸಿದ್ಧ ಪ್ರಸಂಗವೊಂದಿದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಒಂದು ರಾತ್ರಿ ಪ್ರಯೋಗಾಲಯದಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದರು. ಮೈ ತಣ್ಣಗಾಯಿತು, ಕಣ್ಣಂಚಿನಲ್ಲಿ ಬೂದು ಆಕೃತಿ ಸುಳಿಯಿತು. ತಿರುಗಿ ನೋಡಿದರೆ ಏನೂ ಇಲ್ಲ. ಮರುದಿನ ಅವರು ಕತ್ತಿವರಸೆಯ ತೆಳು ಕತ್ತಿಯೊಂದನ್ನು ವೈಸ್‌ಗೆ ಸಿಕ್ಕಿಸಿದಾಗ ಅದರ ಅಲಗು ತಾನಾಗಿ ಅದುರತೊಡಗಿತು! ಹುಡುಕಿದಾಗ ಸಿಕ್ಕ ಕಳ್ಳ ಹೊಸದಾಗಿ ಕೂರಿಸಿದ್ದ ಒಂದು ಫ್ಯಾನು. ಅದು ಎಬ್ಬಿಸುತ್ತಿದ್ದ ಸುಮಾರು 19 ಹರ್ಟ್ಸ್‌ನ ಅಲೆಗೆ ಕೋಣೆಯ ಉದ್ದ ಸರಿಹೊಂದಿತ್ತು. 1998ರಲ್ಲಿ ಅವರು ಸಹೋದ್ಯೋಗಿಯೊಡನೆ ಈ ಕುರಿತು ಲೇಖನ ಪ್ರಕಟಿಸಿದರು.

ಕಥೆ ಚೆನ್ನಾಗಿದೆ. ಆದರೆ ವಿಜ್ಞಾನ ಕಥೆಗೆ ನಿಲ್ಲುವುದಿಲ್ಲ, ಪರೀಕ್ಷೆ ಕೇಳುತ್ತದೆ. 2003ರಲ್ಲಿ ಲಂಡನ್ನಿನ ಸಂಗೀತ ಸಭೆಯೊಂದರಲ್ಲಿ ಕೆಲವು ಕೃತಿಗಳ ಜೊತೆ 17 ಹರ್ಟ್ಸ್‌ನ ಅಲೆಯನ್ನು ಗುಟ್ಟಾಗಿ ಬೆರೆಸಿದಾಗ ಏನೋ ಕಳವಳ, ಏನೋ ಚಳಿ ಎಂದವರ ಪ್ರಮಾಣ ಹೆಚ್ಚಾಯಿತು. ಮುಂದೆ ಲಂಡನ್ನಿನಲ್ಲೇ ‘ದೆವ್ವದ ಕೋಣೆ’ಯೊಂದನ್ನು ಕಟ್ಟಿ ಮಾಡಿದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವಶ್ರವ್ಯ ಶಬ್ದದಿಂದ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಇಲ್ಲಿ ಏನೋ ಆಗುತ್ತದೆ ಎಂಬ ನಿರೀಕ್ಷೆಯೇ ಜನರಿಗೆ ಅನುಭವ ತರಿಸಿರಬಹುದು ಎಂದರು ಸಂಶೋಧಕರು. ಪಾಳು ಬೋರಿನ ಪಕ್ಕ ಮೈ ಜುಮ್ಮೆಂದರೆ ಕಾರಣ ಸದ್ದಿಗಿಂತ ಹೆಚ್ಚಾಗಿ ಊರಿನ ಮಾತೇ ಇದ್ದೀತು.

ಕೇಳದ ಸದ್ದಿನ ನಿಜವಾದ ಅಚ್ಚರಿ ಬೇರೆ ಇದೆ. ಅದು ಬಲು ದೂರ ಸಾಗುತ್ತದೆ. ಆನೆಗಳು 14ರಿಂದ 24 ಹರ್ಟ್ಸ್‌ನ ಸ್ವರದಲ್ಲಿ ಮಾತಾಡಿಕೊಳ್ಳುವುದನ್ನು ಕೇಟಿ ಪೇನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. ಅವರು ಧ್ವನಿಮುದ್ರಿಸಿದ್ದು ಅಮೆರಿಕದ ಮೃಗಾಲಯದಲ್ಲಿದ್ದ ನಮ್ಮ ಏಷ್ಯಾದ ಆನೆಗಳನ್ನೇ. 2013ರಲ್ಲಿ ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸಿಡಿದ ಉಲ್ಕೆಯ ಅವಶ್ರವ್ಯ ಅಲೆ ಅಂಟಾರ್ಕ್ಟಿಕದ ಉಪಕರಣಕ್ಕೂ ಮುಟ್ಟಿತು. ಮಣ್ಣಿನಲ್ಲಿ ಸಾಗುವ ಇಂಥದೇ ನಿಧಾನ ಕಂಪನಗಳನ್ನು ಆಲಿಸಲು ನಮ್ಮ ನೆರೆಯ ಗೌರಿಬಿದನೂರಿನಲ್ಲಿ 1965ರಲ್ಲೇ ಭೂಕಂಪನಮಾಪಕಗಳ ಸಾಲು ಹೂಡಲಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರದ್ದು ಅದು. ದೂರದೇಶದ ಭೂಕಂಪವಿರಲಿ, ನೆಲದೊಳಗಿನ ಅಣುಸ್ಫೋಟವಿರಲಿ, ಸುದ್ದಿ ಅಲ್ಲಿಗೆ ನೆಲದ ಮೂಲಕವೇ ಬರುತ್ತದೆ.

ನಮ್ಮ ಬೋರಿಗೆ ಮರಳೋಣ. ಸದ್ದಿನಿಂದ ರೈತನಿಗೆ ಉಪಯೋಗವೂ ಇದೆ. ಬೋರಿನ ಬಾಯಲ್ಲಿ ಚುಟುಕಾದ ಸದ್ದು ಮಾಡಿ, ನೀರಿಗೆ ತಾಗಿ ಮರಳುವ ಪ್ರತಿಧ್ವನಿಯ ಹೊತ್ತು ಅಳೆದು ಆಳ ಹೇಳುವ ಉಪಕರಣಗಳಿವೆ. ಪ್ರತಿಧ್ವನಿಗೆ ಒಂದು ಸೆಕೆಂಡ್ ಹಿಡಿದರೆ ನೀರು ಸುಮಾರು 172 ಮೀಟರ್, ಅಂದರೆ 565 ಅಡಿ ಕೆಳಗೆ. ಆಳ ನೋಡಲೆಂದು ಕಲ್ಲು ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಅದು ಗೋಡೆಗೆ ಬಡಿದು ತಡವಾಗುವುದರಿಂದ ಲೆಕ್ಕ ತಪ್ಪುತ್ತದೆ, ಮೋಟಾರಿನ ಮೇಲೆ ಸಿಕ್ಕಿಕೊಂಡರೆ ಅದನ್ನು ಎತ್ತುವುದೂ ಕಷ್ಟ.

ಕೊನೆಯ ಮಾತು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ನೀರು ಸಿಗದಿದ್ದರೆ ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳೋಣವೆಂದು ಕಿತ್ತು ಒಯ್ಯುವುದು ರೂಢಿ. ಆಗ ಉಳಿಯುವುದು ನೆಲಮಟ್ಟದ ಬರಿಯ ಬಾಯಿ. ಹುಲ್ಲು ಬೆಳೆದರೆ ಅದು ಕಾಣುವುದೂ ಇಲ್ಲ. ಮಕ್ಕಳಿಗೋ ಗುಂಯ್ ಎನ್ನುವ ರಂಧ್ರ ಕಂಡರೆ ಬಗ್ಗಿ ‘ಕೂ’ ಎನ್ನುವ ಆಸೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಬೋರಿಗೆ ಬಿದ್ದು ಸುಮಾರು ಇಪ್ಪತ್ತು ಗಂಟೆಗಳ ನಂತರ ಜೀವಂತವಾಗಿ ಹೊರಬಂತು. ಅದು ಪುಣ್ಯ. ನಾಡಿನಲ್ಲಿ ಹಾಗೆ ಬಿದ್ದ ಎಷ್ಟೋ ಮಕ್ಕಳು ಬದುಕಿ ಬರಲಿಲ್ಲ. ವಿಫಲವಾದ ಬೋರನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಿಸಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ನೀರಿರುವ ಬೋರಾದರೆ ಉಕ್ಕಿನ ತಟ್ಟೆಯಿಂದ ಬಾಯಿ ಭದ್ರಪಡಿಸಬೇಕು. ಗೋಣಿಚೀಲ, ಚಪ್ಪಡಿ ಚೂರು, ಮುಳ್ಳುಕಂಪೆ ಇವು ಮುಚ್ಚಳವಲ್ಲ.

ನಿಮ್ಮ ಹೊಲದಲ್ಲಿ ಅಂಥದೊಂದು ಬೋರಿದ್ದರೆ ಈ ವಾರವೇ ಹೋಗಿ ನೋಡಿ. ಅಲ್ಲಿ ಸದ್ದು ಮಾಡುವ ಗಾಳಿ ಯಾರನ್ನೂ ಎಳೆದುಕೊಳ್ಳುವುದಿಲ್ಲ. ಎಳೆದುಕೊಳ್ಳುವುದು ನಾವು ತೆರೆದಿಟ್ಟ ಬಾಯಿ. ಅದನ್ನು ತುಂಬಿಸಿದರೆ ಗುಂಯ್‌ಗುಟ್ಟುವುದೂ ನಿಲ್ಲುತ್ತದೆ, ದೆವ್ವದ ಮಾತೂ ನಿಲ್ಲುತ್ತದೆ, ಮಕ್ಕಳೂ ಉಳಿಯುತ್ತಾರೆ.