ಸರ್ ಜಾನ್ ಎಲಿಯಟ್: ಸೆರೆಯಲ್ಲಿದ್ದ ತಂದೆ

ವಾಕ್ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ಹೆಸರುಗಳನ್ನು ಇತಿಹಾಸವು ಆದರದಿಂದ ಸ್ಮರಿಸುತ್ತದೆ. ಅವರ ಮನೆಗಳ ಪಾಡನ್ನು ಮಾತ್ರ ವಿರಳವಾಗಿ ಹೇಳುತ್ತದೆ. ತತ್ತ್ವನಿಷ್ಠೆಯ ಬೆಲೆಯನ್ನು ನಿಷ್ಠಾವಂತನೊಬ್ಬನೇ ತೆರುವುದಿಲ್ಲ. ಅವನ ಮಕ್ಕಳೂ ತೆರುತ್ತಾರೆ. ಇಂಗ್ಲೆಂಡಿನ ಸರ್ ಜಾನ್ ಎಲಿಯಟನ ಬಾಳು ಇದಕ್ಕೆ ನಿದರ್ಶನ.

1592ರಲ್ಲಿ ಕಾರ್ನ್‌ವಾಲ್ ಪ್ರಾಂತದಲ್ಲಿ ಜನಿಸಿದ ಎಲಿಯಟನು ಅನುಕೂಲಸ್ಥ ಮನೆತನದವನು. 1628ರಲ್ಲಿ ಪತ್ನಿ ರಾಡಿಗಂಡ್ ತೀರಿಕೊಂಡಳು. ಮರುವರ್ಷ ಮಾರ್ಚ್ 2ರಂದು ಕಾಮನ್ಸ್ ಸಭೆಯನ್ನು ಮುಂದೂಡುವಂತೆ ಒಂದನೆಯ ಚಾರ್ಲ್ಸ್ ದೊರೆಯ ಅಪ್ಪಣೆಯಾಯಿತು. ಮೇಲೇಳಹೊರಟ ಸಭಾಧ್ಯಕ್ಷನನ್ನು ಸದಸ್ಯರು ಪೀಠದಲ್ಲಿಯೇ ಹಿಡಿದು ಕುಳ್ಳಿರಿಸಿದರು. ಪಾರ್ಲಿಮೆಂಟಿನ ಸಮ್ಮತಿಯಿಲ್ಲದ ಸುಂಕವನ್ನು ಖಂಡಿಸುವ ಎಲಿಯಟನ ನಿರ್ಣಯಗಳಿಗೆ ಸಭೆ ದನಿಗೂಡಿಸಿತು. ಎಲಿಯಟನು ಲಂಡನ್ನಿನ ಟವರ್ ಕೋಟೆಯಲ್ಲಿ ಬಂದಿಯಾದನು. ಪಾರ್ಲಿಮೆಂಟಿನಲ್ಲಿ ಆಡಿದ ಮಾತಿಗೆ ಪಾರ್ಲಿಮೆಂಟಿಗಲ್ಲದೆ ಬೇರೆ ನ್ಯಾಯಾಲಯಕ್ಕೆ ಉತ್ತರ ಹೇಳುವುದಿಲ್ಲವೆಂಬುದು ಅವನ ನಿಲುವು. 1630ರಲ್ಲಿ 2000 ಪೌಂಡು ದಂಡ ವಿಧಿಸಲಾಯಿತು. ತಪ್ಪೊಪ್ಪಿ ಶರಣಾಗಿದ್ದರೆ ಬಿಡುಗಡೆಯ ದಾರಿಯಿತ್ತು, ಅವನು ಮಣಿಯಲಿಲ್ಲ.

ತಾಯಿಯಿಲ್ಲದ ಮಕ್ಕಳಿಗಾಗಿಯಾದರೂ ಮಣಿಯಬೇಕಿತ್ತಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಎಲಿಯಟನು ಮಕ್ಕಳನ್ನು ಮರೆತವನಲ್ಲ. ಸೆರೆಯಿಂದಲೇ ಅವರಿಗೆ ಹಿತೋಪದೇಶದ ಪತ್ರಗಳನ್ನು ಬರೆದನು. ಮಿತ್ರನಾದ ಜಾನ್ ಹ್ಯಾಂಪ್‌ಡನ್ನನು ಆ ಹುಡುಗರ ವಿದ್ಯಾಭ್ಯಾಸ, ನಡೆನುಡಿಗಳ ಬಗೆಗೆ ತಂದೆಯಂತೆಯೇ ಕಾಳಜಿ ವಹಿಸಿ, ಟವರಿಗೆ ಪತ್ರಗಳನ್ನು ಕಳುಹಿಸುತ್ತಿದ್ದನು. ನೌಕಾತೆರಿಗೆಯನ್ನು ವಿರೋಧಿಸಿ ಮುಂದೆ ಖ್ಯಾತನಾದವನು ಈತನೇ. ತೆರಿಗೆಯ ವಿರೋಧಕ್ಕೆ ಸಲ್ಲುವ ಕೀರ್ತಿ ಆ ಪತ್ರಗಳಿಗೂ ಸಲ್ಲಬೇಕು.

ಕ್ಷಯದಿಂದ ನರಳಿ ಎಲಿಯಟನು 1632ರ ನವೆಂಬರ್ 27ರಂದು ಸೆರೆಯಲ್ಲಿಯೇ ಮಡಿದನು. ಶವವನ್ನು ಹುಟ್ಟೂರಿಗೆ ಒಯ್ಯಲು ಮಗನು ಬೇಡಿಕೊಂಡರೂ ದೊರೆ ಒಪ್ಪಲಿಲ್ಲ. ಕೋಟೆಯೊಳಗಿನ ಚರ್ಚಿನಲ್ಲಿಯೇ ಸಮಾಧಿಯಾಯಿತು. ಅವನ ಮೇಲಿನ ತೀರ್ಪನ್ನು ಲಾರ್ಡ್ಸ್ ಸಭೆ ರದ್ದುಪಡಿಸಿದ್ದು 1668ರಲ್ಲಿ, ಅವನು ಸತ್ತು 36 ವರ್ಷಗಳ ಬಳಿಕ. 1689ರ ಹಕ್ಕುಗಳ ಶಾಸನ ಅದೇ ತತ್ತ್ವವನ್ನು ಸ್ಥಿರಪಡಿಸಿತು. ಭಾರತ ಸಂವಿಧಾನದ 105ನೆಯ ವಿಧಿ ಸಂಸತ್ಸದಸ್ಯರ ಮಾತಿಗೆ ಕೊಟ್ಟಿರುವ ರಕ್ಷಣೆಯೂ ಇದೇ ಪರಂಪರೆಯದು.

ನಿಷ್ಠುರ ಸತ್ಯವನ್ನಾಡಿದವನನ್ನು ಹೊಗಳುವುದು ಸುಲಭ, ಅದರಲ್ಲಿಯೂ ಅವನು ಸತ್ತ ಮೇಲೆ. ಅವನು ಸೆರೆಯಲ್ಲಿರುವಾಗಲೇ ಅವನ ಮಕ್ಕಳ ಓದನ್ನು ವಿಚಾರಿಸಿಕೊಳ್ಳುವುದು ಕಠಿನ. ಎಲಿಯಟರನ್ನು ಬಯಸುವ ಸಮಾಜವು ಹ್ಯಾಂಪ್‌ಡನ್ನರನ್ನೂ ಬೆಳೆಸಬೇಕು. ಇಲ್ಲವಾದರೆ ಧೀರನೊಬ್ಬನ ನಿಷ್ಠೆಯ ಭಾರವೆಲ್ಲ ಮಕ್ಕಳ ಎಳೆಯ ಹೆಗಲಿಗೆ ಬೀಳುತ್ತದೆ.