"ನಂಗೆ ಗೊತ್ತಿರಲಿಲ್ಲ" ಅಂದ್ರೆ ಸಾಕಾ?

ಕ್ರೀಡಾಪಟು ಯಾರಾದ್ರೂ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಕೂಡಲೇ ನಮ್ಮಲ್ಲಿ ಎರಡು ಪಾರ್ಟಿ ಹುಟ್ಟಿಕೊಳ್ಳುತ್ತವೆ. ಒಂದು, "ಪಾಪ ಕಣ್ರೀ, ನಮ್ಮ ಹುಡುಗಿ, ಅವಳಿಗೇನು ಗೊತ್ತು?" ಇನ್ನೊಂದು, "ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳೋದು ಬಿಡ್ರೀ." ನನ್ನ ಪ್ರಕಾರ ಎರಡೂ ಸೋಮಾರಿ ಮಾತು. ಎರಡಕ್ಕೂ ಸಾಕ್ಷಿ ಬೇಕಿಲ್ಲ, ಮುಖ ನೋಡಿದ್ರೆ ಸಾಕು!

ಅಶ್ವಿನಿ ಅಕ್ಕುಂಜಿಯವರ ಕೇಸನ್ನೇ ತಗೊಳ್ಳಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯವರು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ 4×400 ರಿಲೇಯಲ್ಲಿ ಚಿನ್ನ. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಜೊತೆಗೆ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ. 2011ರಲ್ಲಿ ಅವರೂ ಸೇರಿ ಆರು ಜನ ಓಟಗಾರ್ತಿಯರ ಮೂತ್ರದಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್‌ನಲ್ಲೇ ಅದು ಬೆರೆತಿತ್ತು ಅನ್ನೋದು ಅವರ ವಾದ. ಕೋಚ್ ಕೆಲಸ ಹೋಯ್ತು. ಆ ಡಿಸೆಂಬರ್‌ನಲ್ಲಿ ನಾಡಾ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಶನ್ ಮೇಲ್ಮನವಿ ಹೋಯ್ತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್ ಹೊಸ್ತಿಲಲ್ಲಿ, ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಇದನ್ನು ಕ್ರೌರ್ಯ ಅಂತ ಬೈಯೋ ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಮದ್ದು ಮೈಗೆ ಬಂದದ್ದು ಎಲ್ಲಿಂದ? ಬಾರದಂತೆ ಆಕೆ ಎಷ್ಟು ಎಚ್ಚರ ವಹಿಸಿದ್ದರು? "ಕೋಚ್ ಕೊಟ್ಟರು" ಅನ್ನೋದು ಮೊದಲನೆಯದಕ್ಕೆ ಮಾತ್ರ ಉತ್ತರ. ಇಂದಿರಾನಗರದ ಅಂಗಡಿಯಲ್ಲಿ ಪ್ರೋಟೀನ್ ಡಬ್ಬಿ ಕೊಳ್ಳೋ ಹಲಸೂರಿನ ಜಿಮ್ ಹುಡುಗ ಲೇಬಲ್ ಓದದಿದ್ರೆ ನಷ್ಟ ಅವನೊಬ್ಬನಿಗೆ. ದೇಶದ ಪರ ಓಡುವವರು ಓದದಿದ್ರೆ ನಷ್ಟ ಪಕ್ಕದ ಲೇನ್‌ನಲ್ಲಿ ನಿಯತ್ತಾಗಿ ಓಡಿ ನಾಲ್ಕನೇ ಸ್ಥಾನಕ್ಕೆ ಬಂದವಳಿಗೂ ಆಗುತ್ತೆ. ಅವಳ ಬಗ್ಗೆ "ಪಾಪ" ಅನ್ನೋರು ಯಾರು?

ಹಾಗಂತ ಎರಡನೇ ಪಾರ್ಟಿಯೂ ಸರಿಯಿಲ್ಲ. ಆಕಸ್ಮಿಕ ಬೆರಕೆ ನಿಜಕ್ಕೂ ಆಗುತ್ತೆ. 2024ರಲ್ಲಿ ಟೆನಿಸ್ ತಾರೆ ಇಗಾ ಶ್ವಿಯಾಂಟೆಕ್ ಸಿಕ್ಕಿಬಿದ್ದಾಗ ನಿದ್ದೆಗೆ ತಗೊಳ್ತಿದ್ದ ಮೆಲಟೋನಿನ್ ಮಾತ್ರೆಯನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದರು. ಬರೀ ತೆರೆದ ಡಬ್ಬಿಯಲ್ಲ, ಅದೇ ಬ್ಯಾಚಿನ ಸೀಲ್ ಒಡೆಯದ ಡಬ್ಬಿಯನ್ನೂ. ಮದ್ದು ಎರಡರಲ್ಲೂ ಸಿಕ್ಕಿತು. ಶಿಕ್ಷೆ ಒಂದೇ ತಿಂಗಳು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಬಗ್ ರಿಪ್ರೊಡ್ಯೂಸ್ ಆಯ್ತು! ತೆರೆದ ಡಬ್ಬಿಗೆ ಆಮೇಲೆ ಯಾರು ಏನು ಬೇಕಾದ್ರೂ ಬೆರೆಸಬಹುದು, ಸೀಲ್ ಆದ ಡಬ್ಬಿಗೆ ಅಷ್ಟು ಸುಲಭ ಅಲ್ಲ.

ನನ್ನ ತಕರಾರು ಇರೋದು ಇಲ್ಲೇ. ಮದ್ದು ಎಲ್ಲಿಂದ ಬಂತು ಅಂತ ತೋರಿಸೋ ಭಾರ ಕ್ರೀಡಾಪಟುವಿನದ್ದು. ಕೊಲೆ ಕೇಸಿನಷ್ಟು ಗಟ್ಟಿ ಸಾಕ್ಷಿ ಬೇಡ, ಹೀಗಾಗಿರುವ ಸಾಧ್ಯತೆಯೇ ಹೆಚ್ಚು ಅಂತ ತೋರಿಸಿದ್ರೆ ಸಾಕು. ನಿಯಮ ಸರಿಯೇ. ಆದ್ರೆ ಶ್ವಿಯಾಂಟೆಕ್‌ಗೆ ವಕೀಲರು, ಲ್ಯಾಬ್ ಎಲ್ಲಾ ಇದೆ. ರಾಷ್ಟ್ರೀಯ ಶಿಬಿರದ ಹುಡುಗಿಗೆ? ಕೋಚ್ ಬೇರೆಯವರು ನೇಮಿಸಿದವರು, ಊಟ ಶಿಬಿರದ್ದು, ಪುಡಿ ಕೋಚ್ ಕೈಯಿಂದ ಬಂದದ್ದು. "ಬೇಡ ಸರ್" ಅಂದ್ರೆ ತಂಡದಲ್ಲಿ ಜಾಗ ಇರುತ್ತೋ ಇಲ್ವೋ ಅನ್ನೋ ಹೆದರಿಕೆ ಬೇರೆ. ಕೊನೆಗೆ ನಿಷೇಧ ಮಾತ್ರ ಅವಳ ಹೆಸರಿಗೆ!

ಹಾಗಾಗಿ ನಮಗೆ ಬೇಕಿರೋದು ಕರುಣೆಯಲ್ಲ, ಪೊಟ್ಟಣ. ಶಿಬಿರದಲ್ಲಿ ಯಾರೇ ಏನೇ ಪುಡಿ-ಮಾತ್ರೆ ಕೊಡಲಿ, ಅದೇ ಬ್ಯಾಚಿನ ಒಂದು ಪೊಟ್ಟಣಕ್ಕೆ ಅವತ್ತೇ ಸೀಲ್ ಹಾಕಿ, ಕೊಟ್ಟವರ ಸಹಿ ಹಾಕಿಸಿ ಮೂರನೆಯವರ ಕಪಾಟಿನಲ್ಲಿ ಇಡಲಿ. ಇದೇನು ರಾಕೆಟ್ ಸೈನ್ಸಾ? ಸುಳ್ಳು ಹೇಳುವವರಿಗೆ ಇದರಿಂದ ದಾರಿ ಸಲೀಸಾಗುತ್ತೆ ಅನ್ನೋರಿಗೆ ಒಂದೇ ಮಾತು: ಸಿಕ್ಕಿಬಿದ್ದ ಮೇಲೆ ಕಥೆ ಕಟ್ಟಬಹುದು, ಅದಕ್ಕೂ ಮೊದಲೇ ಕಪಾಟು ಸೇರಿದ ಪೊಟ್ಟಣವನ್ನು ಕಟ್ಟೋಕಾಗಲ್ಲ.

ಪೊಟ್ಟಣದಲ್ಲಿ ಮದ್ದು ಸಿಕ್ಕರೆ ಕೊಟ್ಟವನನ್ನು ಹಿಡೀರಿ, ಕೇಳದೆ ನುಂಗಿದ್ದಕ್ಕೆ ಆಕೆಗೂ ಅಷ್ಟಕ್ಕಷ್ಟೇ ಶಿಕ್ಷೆ ಕೊಡಿ. ಸಿಗದಿದ್ರೆ "ನಮ್ಮ ಹುಡುಗಿ" ಅಂತ ನಾನೂ ವಕಾಲತ್ತು ವಹಿಸಲ್ಲ.

ಏನಂತೀರಿ?