ಬಸುರಿನ ವಾಂತಿಯಿಂದ ಬಳಲುವ ಸ್ತ್ರೀಯರಿಗೆ ಒಡನಾಡಿ ತಾಯಂದಿರ ನೆರವನ್ನು ಏರ್ಪಡಿಸುವ ಬಗ್ಗೆ ಮನವಿ ಪತ್ರ

ಶಿವಮೊಗ್ಗ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳವರ ಹಾಗೂ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳವರ ಸನ್ನಿಧಿಗೆ,

ಹೊಸನಗರ ತಾಲ್ಲೂಕು ರಿಪ್ಪನ್‌ಪೇಟೆ ಮತ್ತು ಅರಸಾಳು, ಕೆಂಚನಾಲ, ಬೆಳ್ಳೂರು, ಹೆದ್ದಾರಿಪುರ, ಹುಂಚ ಮೊದಲಾದ ಸುತ್ತಣ ಗ್ರಾಮಗಳ ತಾಯಂದಿರು ವಿನಯಪೂರ್ವಕವಾಗಿ ಸಲ್ಲಿಸುವ ವಿಜ್ಞಾಪನೆ.

ಮಾನ್ಯರೆ,

ಗರ್ಭದ ಮೊದಲ ತಿಂಗಳುಗಳಲ್ಲಿ ಓಕರಿಕೆ ವಾಂತಿಗಳು ಸಹಜವೆಂದೂ, ಹೆಣ್ಣಾಗಿ ಹುಟ್ಟಿದವಳು ಅದನ್ನು ಸಹಿಸಿಯೇ ತೀರಬೇಕೆಂದೂ ನಮ್ಮ ಮನೆಗಳ ಹಿರಿಯರು ಹೇಳುತ್ತ ಬಂದಿರುವರು. ಹತ್ತು ಮಂದಿ ಬಸುರಿಯರಲ್ಲಿ ಏಳೆಂಟು ಮಂದಿಗೆ ಈ ಸಂಕಟ ಒಂದಿಷ್ಟಾದರೂ ಬಂದೇ ಬರುವುದರಿಂದಲೂ, ಅವರಲ್ಲಿ ಬಹುಪಾಲು ಜನಕ್ಕೆ ಮುರುಗಲ ಹಣ್ಣಿನ ಪಾನಕ, ಮಿಡಿ ಉಪ್ಪಿನಕಾಯಿಯೊಡನೆ ನಾಲ್ಕು ಗುಟುಕು ಗಂಜಿ, ಒಂದಷ್ಟು ವಿಶ್ರಾಂತಿ ಇವುಗಳಿಂದಲೇ ದಿನ ಸಾಗುವುದರಿಂದಲೂ, ಹಿರಿಯರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೂರಕ್ಕೆ ಮೂವರನ್ನು ಮೀರದ ಒಂದು ಸಣ್ಣ ವರ್ಗವಿದೆ. ಹನಿ ನೀರೂ ಹೊಟ್ಟೆಯಲ್ಲಿ ನಿಲ್ಲದೆ, ಐವತ್ತು ಕಿಲೋ ತೂಗುತ್ತಿದ್ದವಳು ಎರಡೂವರೆ ಕಿಲೋಗೂ ಹೆಚ್ಚು ಇಳಿದು, ಮೂತ್ರ ಕಡುಬಣ್ಣಕ್ಕೆ ತಿರುಗಿ, ಎದ್ದು ನಿಂತರೆ ಕಣ್ಣು ಕತ್ತಲಿಡುವ ಆ ಅವಸ್ಥೆಯನ್ನು ವೈದ್ಯರು ಹೈಪರ್‌ಎಮಿಸಿಸ್ ಗ್ರಾವಿಡೇರಮ್ ಎನ್ನುತ್ತಾರೆ. ಅವಳಿಗೂ ನೆರೆಮನೆಯವರು ಹೇಳುವುದು ಅದೇ ಮಾತು: ಎಲ್ಲರಿಗೂ ಆಗುತ್ತದೆ, ಸಹಿಸಿಕೋ.

ಈ ವ್ಯಾಧಿಯ ಉಲ್ಬಣಕಾಲವು ನಮ್ಮ ಮೌನದ ಕಾಲವೂ ಆಗಿರುವುದೇ ಈ ಮನವಿಯ ಮೂಲಕಾರಣವಾಗಿದೆ. ವಾಂತಿಯು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಮೊದಲಾಗಿ ಒಂಬತ್ತನೆಯ ವಾರದ ಹೊತ್ತಿಗೆ ತುತ್ತತುದಿಗೇರುತ್ತದೆ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಆಡಬಾರದೆಂಬುದು ನಮ್ಮ ಮನೆತನಗಳ ನಡವಳಿಕೆ. ಆದುದರಿಂದ ಆಶಾ ಕಾರ್ಯಕರ್ತೆಯು ತಾಯಿ ಕಾರ್ಡಿನೊಡನೆ ಬಾಗಿಲಿಗೆ ಬರುವ ವೇಳೆಗೆ ಅತ್ಯಂತ ಕಷ್ಟದ ದಿನಗಳನ್ನು ಬಸುರಿಯು ಹಿತ್ತಿಲ ಬಚ್ಚಲಿನ ಬಳಿ ಒಬ್ಬಳೇ ಕಳೆದಿರುತ್ತಾಳೆ. ಅದು ಅಡಿಕೆಯ ಕೊನೆಕೊಯ್ಲಿನ ಕಾಲವಾದರಂತೂ ಅವಳ ಪಾಡನ್ನು ಹೇಳತೀರದು. ಅಂಗಳದಲ್ಲಿ ಅಡಿಕೆ ಬೇಯುವ ಹಂಡೆ, ಮನೆಯ ಮೂಲೆಮೂಲೆಗೂ ಹರಡುವ ಚೊಗರಿನ ವಾಸನೆ, ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಸುಲಿಯುತ್ತ ಕುಳಿತ ಹೆಂಗಸರ ಸಾಲು. ಆ ಸಾಲಿನಿಂದ ಎದ್ದುಹೋದವಳು ಸೋಮಾರಿಯೆನಿಸಿಕೊಳ್ಳುತ್ತಾಳೆ, ಕೂಲಿಯವಳಾದರೆ ಅಂದಿನ ಸಂಬಳವನ್ನೂ ಕಳೆದುಕೊಳ್ಳುತ್ತಾಳೆ. ಬೇಕೆಂದು ಹಂಬಲಿಸಿದ ಗರ್ಭವನ್ನೇ ಈ ಬಾಧೆ ತಾಳಲಾರದೆ ತೆಗೆಸಿಕೊಂಡ ಸ್ತ್ರೀಯರೂ ಇದ್ದಾರೆಂಬುದನ್ನು ಇಲ್ಲಿ ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಈ ವ್ಯಾಧಿಯು ಮನಸ್ಸಿನ ದೌರ್ಬಲ್ಯವೆಂಬ ಅಪವಾದಕ್ಕೆ ಈಗ ಯಾವ ಆಧಾರವೂ ಉಳಿದಿಲ್ಲ. ಭ್ರೂಣ ಮತ್ತು ಮಾಸುಗಳಿಂದ ಸ್ರವಿಸುವ ಜಿಡಿಎಫ್15 ಎಂಬ ಹಾರ್ಮೋನು, ಗರ್ಭಕ್ಕೆ ಮುನ್ನ ಅದರ ಪರಿಚಯ ಕಡಮೆಯಿದ್ದ ದೇಹವನ್ನು ಹೆಚ್ಚು ಬಾಧಿಸುತ್ತದೆಂದು 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯ ಸಂಶೋಧನೆಯೊಂದು ತೋರಿಸಿತು. ಅದನ್ನು ನಡೆಸಿದವರಲ್ಲಿ ಪ್ರಮುಖರಾದ ಮಾರ್ಲೇನಾ ಫೆಜೊ ಎಂಬ ವಿದುಷಿಯು 1999ರಲ್ಲಿ ಇದೇ ವ್ಯಾಧಿಯಿಂದ ತಮ್ಮ ಗರ್ಭವನ್ನು ಕಳೆದುಕೊಂಡವರು. ನೋವುಂಡವಳೇ ನೋವಿನ ಮೂಲವನ್ನು ಅರಸಿ ಹೊರಟ ಈ ವೃತ್ತಾಂತವು ನಮಗೆ ಬಹಳ ಧೈರ್ಯ ಕೊಟ್ಟಿದೆ.

ಬ್ರಿಟನ್ನಿನಲ್ಲಿ ‘ಪ್ರೆಗ್ನೆನ್ಸಿ ಸಿಕ್ನೆಸ್ ಸಪೋರ್ಟ್’ ಎಂಬ ದತ್ತಿಸಂಸ್ಥೆಯು, ಹಿಂದೆ ಇದೇ ಬಾಧೆಯನ್ನು ಅನುಭವಿಸಿದ ತಾಯಿಯೊಬ್ಬಳನ್ನು ಈಗ ಅನುಭವಿಸುತ್ತಿರುವವಳಿಗೆ ಜೊತೆಗೂಡಿಸಿ ಸ್ವಯಂಸೇವೆಯ ನೆರವನ್ನು ನಡೆಸುತ್ತ ಬಂದಿದೆ. ಅಷ್ಟು ದೂರ ಹೋಗುವುದೂ ಬೇಡ. ಜಾರ್ಖಂಡ್ ಒಡಿಶಾಗಳ ಆದಿವಾಸಿ ಹಳ್ಳಿಗಳಲ್ಲಿ ‘ಏಕಜುಟ್’ ಸಂಸ್ಥೆಯು ಊರ ಹೆಂಗಸರನ್ನೇ ತಿಂಗಳಿಗೊಮ್ಮೆ ಕೂಡಿಸಿ ಬಸುರು ಬಾಣಂತನಗಳ ಬಗ್ಗೆ ಮಾತಾಡಿಸಿದಾಗ ನವಜಾತ ಶಿಶುಗಳ ಮರಣ ಗಣನೀಯವಾಗಿ ಇಳಿದುದನ್ನು 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ನಮ್ಮಲ್ಲಿಯೂ ಸ್ತ್ರೀಶಕ್ತಿ ಗುಂಪುಗಳಿವೆ, ಅಂಗನವಾಡಿಗಳಿವೆ, ಈ ಬಾಧೆಯನ್ನು ದಾಟಿ ಬಂದ ತಾಯಂದಿರು ಊರೂರಿನಲ್ಲಿಯೂ ಇದ್ದಾರೆ. ಇಲ್ಲದಿರುವುದು ಅವರನ್ನು ಒಂದುಗೂಡಿಸುವ ಏರ್ಪಾಡು ಮಾತ್ರ.

ಆದಕಾರಣ ನಮ್ಮ ಮುಖ್ಯ ಬೇಡಿಕೆಯೆಂದರೆ, ರಿಪ್ಪನ್‌ಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮಗಳಿಗೆ ಇಂಥ ಒಡನಾಡಿ ತಾಯಂದಿರ ಪಟ್ಟಿಯೊಂದನ್ನು ಇಲಾಖೆಯು ಸಿದ್ಧಪಡಿಸಿ, ಅವರಿಗೆ ಸೂಕ್ತ ತರಬೇತಿಯನ್ನು ಕೊಡಬೇಕೆಂಬುದು. ಅವರು ಔಷಧ ಹೇಳುವವರಲ್ಲ. ಫೋನಿನಲ್ಲಿಯೋ ಮನೆಗೆ ಬಂದೋ ಬಳಲುವ ಬಸುರಿಯ ಮಾತನ್ನು ಕೇಳುವವರು, ಅತ್ತೆಗೂ ಗಂಡನಿಗೂ ಇದು ಕಾಯಿಲೆಯೆಂದು ತಿಳಿಯಹೇಳುವವರು, ಇಡೀ ದಿನ ನೀರು ನಿಲ್ಲದಿದ್ದರೆ ಅಥವಾ ಎಂಟು ಗಂಟೆ ಮೂತ್ರವೇ ಆಗದಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ ಜೊತೆಯಲ್ಲಿ ಹೊರಡುವವರು. ಮೂರು ತಿಂಗಳೊಳಗಿನ ಸುದ್ದಿಯನ್ನು ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸುವುದಿಲ್ಲವೆಂಬ ಪ್ರತಿಜ್ಞೆಯನ್ನು ಅವರಿಂದ ಮೊದಲಿಗೇ ಪಡೆಯತಕ್ಕದ್ದು. ಈ ನಂಬಿಕೆಯೊಂದಿಲ್ಲದಿದ್ದರೆ ಯಾವ ಸೊಸೆಯೂ ಬಾಯಿ ಬಿಡಲಾರಳು. ಅವರು ಸಂಬಳ ಕೇಳುವುದಿಲ್ಲ, ಆದರೆ ಬಸ್ಸಿನ ಖರ್ಚು ಮತ್ತು ಫೋನಿನ ರೀಚಾರ್ಜನ್ನು ಅವರ ಕೈಯಿಂದ ಕೀಳುವುದು ನ್ಯಾಯವಲ್ಲ. ಈಗಾಗಲೇ ಹೊರಲಾರದಷ್ಟು ಹೊತ್ತಿರುವ ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟಬಾರದೆಂದು ಒತ್ತಿ ಹೇಳುತ್ತೇವೆ.

ಆಸ್ಪತ್ರೆಗಳ ವಿಷಯದಲ್ಲಿ ಎರಡು ಮಾತು. ಬಹುದಿನ ವಾಂತಿಯಾದವಳಿಗೆ ಥಯಾಮಿನ್ ಜೀವಸತ್ತ್ವವನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗುವ ಸಂಭವವಿರುವುದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆ ಇಂಜೆಕ್ಷನ್ ಸದಾ ದಾಸ್ತಾನಿರಬೇಕು, ಮೂತ್ರದಲ್ಲಿ ಕೀಟೋನು ನೋಡುವ ಪಟ್ಟಿಗಳೂ ಇರಬೇಕು. 1957ರಲ್ಲಿ ಮಾರಾಟಕ್ಕೆ ಬಂದು, ವಾಂತಿಗೆಂದು ನುಂಗಿದ ಬಸುರಿಯರ ಶಿಶುಗಳ ಅಂಗವೈಕಲ್ಯಕ್ಕೆ ಕಾರಣವಾದ ಥಾಲಿಡೋಮೈಡ್ ಮಾತ್ರೆಯ ದುರಂತದ ತರುವಾಯ ಬಸುರಿಯರಿಗೆ ವಾಂತಿಯ ಔಷಧವೇ ಕೂಡದೆಂಬ ಭೀತಿ ಜನರಲ್ಲಿ ಬೇರುಬಿಟ್ಟಿದೆ. ಡಾಕ್ಸಿಲಮಿನ್, ಪಿರಿಡಾಕ್ಸಿನ್‌ಗಳಂತಹ, ದೀರ್ಘಕಾಲ ಪರೀಕ್ಷಿತವಾದ ಔಷಧಗಳಿವೆಯೆಂಬುದನ್ನು ಪ್ರತಿ ತಿಂಗಳ 9ನೆಯ ತಾರೀಖಿನ ಗರ್ಭಿಣಿಯರ ತಪಾಸಣೆಯಲ್ಲಿ ವೈದ್ಯರೇ ಸಮಾಧಾನದಿಂದ ವಿವರಿಸಬೇಕು.

ಇನ್ನು 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟವು ಬಡ ಗರ್ಭಿಣಿಯರಿಗೆ ದೊಡ್ಡ ಉಪಕಾರ ಮಾಡಿದೆ. ಆದರೆ ಅನ್ನದ ಹಬೆಗೇ ವಾಂತಿ ಬರುವವಳು ಮಲೆನಾಡಿನ ಮಳೆಯಲ್ಲಿ ಗುಡ್ಡ ಇಳಿದು ಅಂಗನವಾಡಿಗೆ ಬಂದು ಬೇಯಿಸಿದ ಮೊಟ್ಟೆಯ ಮುಂದೆ ಕೂರಲಾರಳು. 2020ರ ಕೊರೋನಾ ಕಾಲದಲ್ಲಿ ಪಡಿತರವನ್ನು ಮನೆಗೇ ಮುಟ್ಟಿಸಿದ ಕ್ರಮವನ್ನು ಇಂಥವಳಿಗೆ, ವೈದ್ಯರ ಚೀಟಿಯ ಆಧಾರದ ಮೇಲೆ, ಬಾಧೆ ತಗ್ಗುವವರೆಗೆ ಮತ್ತೆ ಅನ್ವಯಿಸಬೇಕು.

ಒಡನಾಡಿಗಳಾಗಲು ಸ್ವಇಚ್ಛೆಯಿಂದ ಒಪ್ಪಿದ ತಾಯಂದಿರ ಹೆಸರುಗಳನ್ನು ತಾವು ಕೇಳಿದ ಕೂಡಲೆ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುತ್ತೇವೆ. ಬರುವ ಕೊನೆಕೊಯ್ಲು ಮೊದಲಾಗುವುದಕ್ಕೆ ಮುನ್ನ ಮೂರೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳನ್ನು ರಿಪ್ಪನ್‌ಪೇಟೆಗೆ ಕರೆಸಿ, ಹೆಂಗಸರಿಗೆ ಅನುಕೂಲವಾದ ಮಧ್ಯಾಹ್ನದ ಹೊತ್ತಿನಲ್ಲಿ ಒಂದು ಸಭೆಯನ್ನು ನಡೆಸಿ, ಮೊದಲ ತರಬೇತಿಯ ದಿನವನ್ನು ಆ ಸಭೆಯಲ್ಲಿಯೇ ಗೊತ್ತುಮಾಡಬೇಕಾಗಿ ಪ್ರಾರ್ಥಿಸುತ್ತೇವೆ.

ಇತಿ ತಮ್ಮ ವಿಧೇಯರು,
ರಿಪ್ಪನ್‌ಪೇಟೆ ಮತ್ತು ಸುತ್ತಣ ಗ್ರಾಮಗಳ ತಾಯಂದಿರು